ಚಕ್ರ ಉರುಳದ ದ್ವೀಪ

ಅಥೆನ್ಸಿನ ಬಂದರಾದ ಪಿರೇಯಸ್ಸಿನಿಂದ ಹೊರಟ ವೇಗದ ಹಡಗು ಎರಡು ಗಂಟೆಯೊಳಗೆ ಹೈಡ್ರಾ ದ್ವೀಪವನ್ನು ಸೇರಿತು. ಶೃಂಗೇರಿ ಸೀಮೆಯ ನೆಮ್ಮಾರಿನಿಂದ ಬಂದಿದ್ದ ವೃದ್ಧ ಮಾತೆಯೊಬ್ಬರು ಮಗನ ಕೈ ಹಿಡಿದು ದಡಕ್ಕಿಳಿದರು. ಹೇಸರಗತ್ತೆಗಳ ಕೊರಳಗಂಟೆಯ ಹೊರತು ಬೇರೆ ಸದ್ದಿಲ್ಲ.

"ಒಂದು ಮೋಟಾರೂ ಕಾಣುವುದಿಲ್ಲವಲ್ಲ! ಇವತ್ತೇನು ಬಂದ್ ಉಂಟೋ ಮಾರಾಯ?"

ಓದುಗರು ನಗಬಾರದು, ಸಂಶಯ ಸಹಜವೇ. ಈ ದ್ವೀಪದಲ್ಲಿ ಕಾರಿಗೂ ಮೋಟಾರುಸೈಕಲ್ಲಿಗೂ ಕಾನೂನಿನ ನಿಷೇಧವಿದೆ. ಕಸದ ಲಾರಿ, ಆಂಬುಲೆನ್ಸುಗಳಂಥವಕ್ಕೆ ಮಾತ್ರ ವಿನಾಯಿತಿ. ಸುಮಾರು 2,000 ಜನರ ಸಿಮೆಂಟು, ತರಕಾರಿ, ಪ್ರವಾಸಿಗರ ಪೆಟ್ಟಿಗೆ ಎಲ್ಲವೂ ಹೇಸರಗತ್ತೆಯ ಬೆನ್ನೇರಿಯೇ ಮೆಟ್ಟಿಲು ಹತ್ತಬೇಕು. ಇಂಥ ಪ್ರಾಣಿಗಳ ಮೇಲೆ 100 ಕಿಲೋಗ್ರಾಮಿಗಿಂತ ಹೆಚ್ಚು ಹೇರಬಾರದೆಂದು ಗ್ರೀಸ್ ಸರ್ಕಾರ 2018ರಲ್ಲಿ ವಿಧಿಸಿತು. ಬೆವೆತು ಏರುತ್ತಿದ್ದ ಕತ್ತೆಯನ್ನು ಕಂಡು, ಕರಾವಳಿಯ ಉಪ್ಪನ್ನು ಹೊತ್ತು ಘಟ್ಟವೇರುತ್ತಿದ್ದ ಹೇರೆತ್ತುಗಳ ವಿಚಾರವಾಗಿ ತಮ್ಮ ಅಜ್ಜ ಹೇಳುತ್ತಿದ್ದುದು ಆಕೆಯ ನೆನಪಿಗೆ ಬಂದಿತು.

ಹೈಡ್ರಾ ಎಂಬ ಹೆಸರಿನ ಮೂಲವೇ ನೀರು, ಊರಾದರೋ ಒಣಬಂಡೆ. ಕುಡಿಯುವ ನೀರನ್ನು ಬಹುಕಾಲ ಹಡಗಿನಲ್ಲಿ ತರಿಸುತ್ತಿದ್ದರಂತೆ. ತುಂಗೆಯ ನೆರೆಯಲ್ಲಿ ಬಾಳಿದವರು ಇದನ್ನು ಹೇಗೆ ನಂಬಿಯಾರು? ಬಂದರಿನ ಮೇಲಣ ಕಲ್ಲುಮಹಲುಗಳು ಹಡಗಿನ ಒಡೆಯರು ಕಟ್ಟಿಸಿದವು. 1821ರ ಸ್ವಾತಂತ್ರ್ಯ ಸಮರದಲ್ಲಿ ತುರ್ಕರ ಎದುರು ನಿಂತ ನೌಕಾಧಿಪತಿ ಮಿಯಾವುಲಿಸ್ ಈ ದ್ವೀಪದವನೇ.

"ಸ್ವರ್ಗವಲ್ಲವೇ ಅಮ್ಮ?" ಎಂದನು ಮಗ.

ತಾಯಿ ಉತ್ತರಿಸಲಿಲ್ಲ. ನೆಮ್ಮಾರಿನ ಅವರ ಮನೆಗೂ ಹೆದ್ದಾರಿಗೂ ನಡುವೆ ಒಂದು ಹಳ್ಳ; ಅದಕ್ಕೆ ಅಡಕೆಮರದ ಸಂಕ. 1994ರ ಆಷಾಢದ ಒಂದು ರಾತ್ರಿ ಯಜಮಾನರಿಗೆ ಎದೆನೋವು ಬಂದಿತು. ಸಂಕ ಅಂದೇ ಸಂಜೆ ಕೊಚ್ಚಿಹೋಗಿತ್ತು. ಕುರ್ಚಿಗೆ ಬಿದಿರು ಕಟ್ಟಿ, ಕಂಬಳಿ ಹೊದಿಸಿ, ನಾಲ್ವರು ಆಳುಗಳು ಗುಡ್ಡ ಬಳಸಿ ಹೊತ್ತರು. ಹೆದ್ದಾರಿ ಸೇರುವಾಗ ಬೆಳಗಾಗಿತ್ತು. ಜೀಪು ಬಂದಿತು, ಅದರ ಅಗತ್ಯ ಉಳಿದಿರಲಿಲ್ಲ. ಮಗನಿಗಾಗ ಐದು ವರ್ಷ. ಹೈಡ್ರಾದವರು ಬೇಡವೆಂದು ದೂರವಿಟ್ಟದ್ದನ್ನು ಆಕೆ ವರ್ಷಗಟ್ಟಲೆ ಅರ್ಜಿ ಬರೆದು ಬೇಡಿ ಪಡೆದಿದ್ದರು. ಈಗ ಅಲ್ಲಿ ಸೇತುವೆಯಿದೆ. ಜೀಪು ಅಂಗಳಕ್ಕೇ ಬರುತ್ತದೆ, ಅದರ ಹೊಗೆಯೂ.

ದಡದ ಅಂಗಡಿಯಲ್ಲಿ ಅವರದೇ ಪ್ರಾಯದ ಹೆಂಗಸು ಚರಟ ಸೋಸದ ಕಾಫಿಯನ್ನು ತಂದಿಟ್ಟಳು. ಮಲೆನಾಡಿನವರಿಗೆ ಅದು ರುಚಿಸುವ ವಸ್ತುವಲ್ಲ.

"ಇಲ್ಲಿ ರಾತ್ರಿ ಯಾರಿಗಾದರೂ ಜೋರಾದರೆ ಎಂತ ಮಾಡುತ್ತಾರೆ, ಕೇಳು."

ಮಗ ಇಂಗ್ಲಿಷಿನಲ್ಲಿ ಕೇಳಿದನು. ಬಂದರಿನವರೆಗೆ ಆಂಬುಲೆನ್ಸು, ಆಮೇಲೆ ದೋಣಿ ಎಂದು ಉತ್ತರ ಬಂದಿತು.

"ಕಡಲು ಕೆರಳಿದ ದಿನ?"

ಆ ಹೆಂಗಸು ನೀರಿನತ್ತ ನೋಡಿದಳು. "ಕಾಯುತ್ತೇವೆ" ಎಂದಳು. ಮಗ ಅದನ್ನು ಕನ್ನಡಕ್ಕೆ ತರುವ ಮೊದಲೇ ತಾಯಿ ತಲೆಯಾಡಿಸಿದರು. ಅಂಗಡಿಯಾಕೆ ಕುರ್ಚಿಯೊಂದನ್ನು ಎಳೆದುಕೊಂಡು ಅವರ ಬಳಿ ಕುಳಿತಳು. ಎರಡನೆಯ ಬಟ್ಟಲಿಗೆ ಹಣ ಪಡೆಯಲಿಲ್ಲ.