ಸೋರುವ ಕೊಳವೆ

ಮನೆಯ ಮಾಡು ಸೋರಿದರೆ ನೆರೆಹೊರೆಗೆಲ್ಲ ತಿಳಿಯುವದು; ಹಿತ್ತಲಿನ ನೀರಿನ ಕೊಳವೆ ಸೋರಿದರೆ ಮನೆಯವರಿಗೇ ತಿಳಿಯದು. ಸೋರುವಲ್ಲಿ ಬಸಳೆಯ ಬಳ್ಳಿಯೊಂದು ಹಸುರಾಗಿ ಹಬ್ಬಿತೆಂದರೆ ನಷ್ಟವೇ ಲಾಭವೆಂಬ ಭ್ರಮೆಯೂ ಹುಟ್ಟುವದು. ಆದರೆ ಲೆಕ್ಕವು ಬೇರೆ. ಇಪ್ಪತ್ತು ಹನಿಗಳು ಕೂಡಿ ಒಂದು ಮಿಲಿಲೀಟರೆಂದು ಹಿಡಿದು, ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 4 ಲೀಟರಿಗೂ ಮಿಗಿಲು, ತಿಂಗಳಿಗೆ ಸುಮಾರು 130 ಲೀಟರು ನೀರು ಮಣ್ಣುಪಾಲಾಗುವದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರು ನೀರೆಂದು ಗೊತ್ತುಪಡಿಸಿದೆ. ಒಂದು ಹನಿಯ ಅಲಕ್ಷ್ಯವು ಇಬ್ಬರ ಒಂದು ದಿನದ ಪಾಲನ್ನು ನುಂಗಿ ಇನ್ನೂ ಮಿಕ್ಕುವದು.

ಜೋಯಿಡಾದ ಬೆಟ್ಟದ ತಪ್ಪಲಿನಲ್ಲಿ ಹಿಂದೆ ಅಬ್ಬಿಯ ನೀರನ್ನು ಅಡಿಕೆಯ ಮರ ಸೀಳಿ ಮಾಡಿದ ದಬ್ಬೆಗಳಲ್ಲಿ ಅಂಗಳಕ್ಕೆ ಹರಿಸಿಕೊಳ್ಳುತ್ತಿದ್ದರು. ದಬ್ಬೆಯು ತೆರೆದ ದಾರಿ; ತುಂಬಿದರೆ ಅಂಚಿನಿಂದ ಚೆಲ್ಲುವದೇ ಹೊರತು ಬಿರಿಯದು. ಇಂದು ಅಂಥ ನೀರು ಕರಿಯ ಪೈಪಿನಲ್ಲಿ ಇಳಿದು ಬರುತ್ತದೆ. ಮುಚ್ಚಿದ ಕೊಳವೆಯ ಧರ್ಮವೇ ಬೇರೆ. ನಲ್ಲಿಯನ್ನು ತಿರುವಿ ಹರಿವನ್ನು ತಡೆದೊಡನೆ ಪ್ರತಿ 10 ಮೀಟರು ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಂತೆ ಒತ್ತಡವು ಕೆಳಗಿನ ತುದಿಯಲ್ಲಿ ನಿಲ್ಲುವದು. 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ವಿವರಿಸಿದಂತೆ, ಇಲ್ಲಿ ಲೆಕ್ಕಕ್ಕೆ ಬರುವದು ನೀರಿನ ಎತ್ತರವೇ ಹೊರತು ಅಗಲವಲ್ಲ. ಗಣೇಶಗುಡಿಯ ಬಳಿ ಕಾಳಿಯನ್ನು ತಡೆದು ನಿಂತ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರು. ಅಲ್ಲಿ 30 ಮೀಟರು ಆಳದ ನೀರು ಗೋಡೆಯ ಬೆರಳಗಲವನ್ನು ಎಷ್ಟು ಒತ್ತುವದೋ, 30 ಮೀಟರು ಮೇಲಿನಿಂದ ಇಳಿದ ಹೆಬ್ಬೆರಳು ಗಾತ್ರದ ಕೊಳವೆಯ ಬೆರಳಗಲವನ್ನೂ ಅಷ್ಟೇ ಒತ್ತುವದು.

ಇದನ್ನರಿತರೆ ಚಿಂದಿಬಟ್ಟೆಯ ಕಟ್ಟು, ಸೈಕಲ್ಲಿನ ಹಳೆಯ ಟ್ಯೂಬಿನ ಪಟ್ಟಿ ಇವು ಏಕೆ ಬಹುದಿನ ಬಾಳವೆಂಬುದು ತಿಳಿಯುವದು. ಕಟ್ಟು ಹೊರಗಿನದು, ಒತ್ತಡ ಒಳಗಿನದು. ಆದುದರಿಂದ ಮೇಲೆ ನೀರನ್ನು ನಿಲ್ಲಿಸಿ, ಕೊಳವೆಯನ್ನು ಬರಿದುಮಾಡಿ, ಬಿರುಕಿನ ಎರಡು ಬದಿಗೂ ಗಟ್ಟಿಯಾದ ಭಾಗ ಸಿಗುವವರೆಗೆ ನೇರವಾಗಿ ಕತ್ತರಿಸಿ ತೆಗೆಯಬೇಕು. ತಿರುಪಿನ ಕ್ಲಿಪ್ಪುಗಳನ್ನು ಮೊದಲೇ ಎರಡೂ ತುದಿಗಳಿಗೆ ತೊಡಿಸಿಡಬೇಕು. ಬಳಿಕ ತುದಿಗಳನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ನಡುವೆ ಜಾಯಿಂಟನ್ನು ಅರ್ಧರ್ಧ ಒಳಸೇರುವಂತೆ ತುರುಕಿ, ಅದರ ಮೇಲೆ ಕ್ಲಿಪ್ಪನ್ನು ಬಿಗಿಯಬೇಕು. ಬೆಂಕಿ ತೋರಿಸಿದರೆ ಕೊಳವೆ ಕರಗುವದು. ಅತಿಯಾಗಿ ಬಿಗಿದರೆ ಕ್ಲಿಪ್ಪೇ ಅದನ್ನು ಕೊಯ್ಯುವದು. ಕೊನೆಗೆ ನೀರನ್ನು ಮೆಲ್ಲನೆ ಬಿಟ್ಟು, ಸಂದಿನ ಸುತ್ತ ಒಣಬೆರಳು ಆಡಿಸಿ ನೋಡಬೇಕು.

ಹಳಿಯಾಳ, ಮುಂಡಗೋಡಗಳ ಕಡೆಗೆ ಮಳೆಯು ಜೋಯಿಡಾಕ್ಕಿಂತ ಕಡಿಮೆ. ಅಂಥಲ್ಲಿ ನಲ್ಲಿಯಿಂದ ಪೀಪಾಯಿಗೆ ನೀರು ತುಂಬುವ ಮೆತುಕೊಳವೆಗೆ ಒತ್ತಡಕ್ಕಿಂತ ಬಿಸಿಲೇ ಹಗೆ. ಬಗ್ಗಿಸಿದಲ್ಲೆಲ್ಲ ಸಣ್ಣ ಬಿರುಕುಗಳು ಕಂಡರೆ ತೇಪೆಯ ಆಸೆಯನ್ನು ಬಿಟ್ಟು ಹೊಸದನ್ನೇ ತರಬೇಕು. ನಲ್ಲಿಗೆ ಸಿಕ್ಕಿಸುವ ತುದಿಯಷ್ಟೇ ಸಡಿಲಾಗಿದ್ದರೆ ಎರಡು ಬೆರಳಷ್ಟನ್ನು ಕತ್ತರಿಸಿ ಮರಳಿ ತೊಡಿಸಿದರೆ ಸಾಕು. ಕಾಳಿಯ ದಂಡೆಯ ದಾಂಡೇಲಿಯಲ್ಲಿಯೂ ಇದೇ ಮಾತು. ಹೊಳೆಯು ಹತ್ತಿರವಿದ್ದರೂ ಕೊಳವೆಯಿಂದ ಚೆಲ್ಲಿದ ನೀರು ಕೊಡಕ್ಕೆ ಬಾರದು.

ವೈಶಾಖದಲ್ಲಿ ಅಬ್ಬಿಯು ಬೆರಳು ಗಾತ್ರಕ್ಕೆ ಇಳಿದಾಗ, ದಾರಿಯಲ್ಲಿ ಸೋರಿಹೋದ ಪಾಲನ್ನು ತುಂಬಿಕೊಡುವವರು ಯಾರು? ಯಜಮಾನನು 'ನಾಳೆ ನೋಡೋಣ'ವೆಂದು ಮುಂದೂಡಿದ ಕೆಲಸದ ಬೆಲೆಯನ್ನು ಆ ಮನೆಯ ಹೆಂಗಸರು ಸೊಂಟದ ಮೇಲಿನ ಕೊಡದಿಂದ ತೆರುವರು. ಅರ್ಧ ಗಂಟೆಯ ಈ ವಿದ್ಯೆಯನ್ನು ಮನೆಯ ಹುಡುಗ ಹುಡುಗಿಯರಿಬ್ಬರಿಗೂ ಕಲಿಸಿಡುವದು ಲೇಸು.