ಏಳು ರಾತ್ರಿಗೆ ದುಡ್ಡು, ಮೂರು ರಾತ್ರಿಗೆ ಗೋವಾ!

ಪಣಜಿಯ ಕದಂಬ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ನಮ್ಮಪ್ಪ ಮಾಡಿದ ಮೊದಲ ಕೆಲಸ ಏನು ಗೊತ್ತೇ, ಓದುಗ ಮಿತ್ರರೇ? ನಾವು ಬಂದ ಬಸ್ಸಿನ ಹಿಂದಿನ ಟೈರಿಗೆ ಕಾಲಿನಿಂದ ಒಂದು ಒದೆ ಕೊಟ್ಟು ನೋಡಿದ್ದು! ಡ್ರೈವರ್ ಕೆಲಸದಿಂದ ನಿವೃತ್ತನಾದದ್ದು 2018ರಲ್ಲಿ. ಆದರೂ ಕಾಲು ಕೇಳಬೇಕಲ್ಲ!

ಹುಬ್ಬಳ್ಳಿ-ಪಣಜಿ ರೂಟಿನಲ್ಲಿ ಅಪ್ಪ ಹನ್ನೊಂದು ವರ್ಷ ಗಾಡಿ ಓಡಿಸಿದ್ದಾನೆ. ಧಾರವಾಡ, ಅಳ್ನಾವರ, ರಾಮನಗರ, ಆಮೇಲೆ ಅನಮೋಡ ಘಾಟು, ಮೊಲೆಂ, ಫೋಂಡಾ, ಪಣಜಿ. ಇಲ್ಲಿ ನಲವತ್ತು ನಿಮಿಷ ಸ್ಟಾಪು. ಊಟ, ಒಂದು ಬೀಡಿ, ಟ್ರಿಪ್ ಶೀಟಿಗೆ ಸಹಿ, ಮತ್ತೆ ವಾಪಸ್. ಈ ಸ್ಟ್ಯಾಂಡಿನಿಂದ ಮೀರಾಮಾರ್ ಕಡಲತೀರ ಮೂರ್ನಾಲ್ಕು ಕಿಲೋಮೀಟರು ಅಷ್ಟೇ. ಹನ್ನೊಂದು ವರ್ಷದಲ್ಲಿ ಅಪ್ಪ ಒಂದು ಸಲವೂ ಸಮುದ್ರ ನೋಡಲಿಲ್ಲ ಅಂದರೆ ನಂಬುತ್ತೀರಾ? ಮಾಂಡೋವಿ ನದಿ ನೋಡಿದ್ದ. ಕಿಟಕಿಯಿಂದ.

ಗೋವಾ ಅಂದರೆ ಅಪ್ಪನಿಗೆ ಬೇರೆಯೇ ಒಂದು ಹುಚ್ಚು. 1968ರಲ್ಲಿ ದೊರೆ-ಭಗವಾನ್ ಜೋಡಿ ಅಣ್ಣಾವ್ರನ್ನು ಕನ್ನಡದ ಬಾಂಡ್ ಮಾಡಿ 'ಜೇಡರ ಬಲೆ' ಕೊಟ್ಟಿತಲ್ಲ, ಅದೇ ವರ್ಷ ಬಂದದ್ದು 'ಗೋವಾದಲ್ಲಿ ಸಿಐಡಿ 999'. ಆ ಮೇಲೆ 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕನ್ನೂ ಅಪ್ಪ ಎಷ್ಟು ಸಲ ನೋಡಿದ್ದಾನೋ ಲೆಕ್ಕ ಇಟ್ಟವರಿಲ್ಲ. ಆದರೆ ಗೋವಾದ್ದನ್ನು ಹತ್ತು ಹನ್ನೆರಡರ ಹುಡುಗನಾಗಿದ್ದಾಗ ಜಾತ್ರೆಯ ಟೆಂಟಿನಲ್ಲಿ, ನೆಲದ ಮೇಲೆ ಕೂತು ನೋಡಿದ. ಪೋರ್ಚುಗೀಸರು ಬಿಟ್ಟುಹೋಗಿ ಆಗಿನ್ನೂ ಏಳೆಂಟು ವರ್ಷ. ಹಳ್ಳಿ ಹುಡುಗರಿಗೆ ಗೋವಾ ಅಂದರೆ ಫಾರಿನ್ನೇ!

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಬಡ ಡ್ರೈವರ್ ಕುಟುಂಬ ಕಲಂಗುಟ್ ಕಡೆಯ ರೆಸಾರ್ಟಿನಲ್ಲಿ ಇಳಿದುಕೊಂಡದ್ದು ಹೇಗೆ?

ನಿವೃತ್ತಿಯಾದ ವರ್ಷವೇ ಅಪ್ಪನಿಗೆ ಒಂದು ಫೋನು ಬಂತು. "ಸಾರ್, ಲಕ್ಕಿ ಡ್ರಾದಲ್ಲಿ ನಿಮ್ಮ ನಂಬರ್ ಬಂದಿದೆ. ಮೇಡಂ ಜೊತೆ ಹೋಟೆಲಿಗೆ ಬನ್ನಿ, ಊಟ ಫ್ರೀ, ಗಿಫ್ಟ್ ಫ್ರೀ." ಹೋದರು. ಗಿಫ್ಟು ಒಂದು ಪ್ರೆಷರ್ ಕುಕ್ಕರ್. ಮೂರು ತಾಸು ಟೈ ಕಟ್ಟಿದ ಹುಡುಗರು ಮಾತಾಡಿದರು. ಕೊನೆಗೆ ದೊಡ್ಡ ಟಿವಿಯಲ್ಲಿ ಗೋವಾದ ಕಡಲು ತೋರಿಸಿದರು. ಅಪ್ಪ ಸಹಿ ಹಾಕಿಬಿಟ್ಟ! ರೂ. 3,20,000. ಇಪ್ಪತ್ತೈದು ವರ್ಷ, ವರ್ಷಕ್ಕೆ ಏಳು ರಾತ್ರಿ, ಒಂದು ಸ್ಟುಡಿಯೋ ರೂಮು. ಮನೆಗೆ ಬಂದು ಕಾಗದ ಓದಿದರೆ, ರೆಸಾರ್ಟು ಇರುವುದು ಗೋವಾದಲ್ಲಲ್ಲ, ಊಟಿ ಕಡೆಯ ಬೆಟ್ಟದಲ್ಲಿ! ಗೋವಾಕ್ಕೆ ಹೋಗಬೇಕಾದರೆ 'ವಿನಿಮಯ' ಮಾಡಿಕೊಳ್ಳಬೇಕಂತೆ. ಅಂದಿನಿಂದ ಅಮ್ಮ ಅದನ್ನು ಕರೆಯುವುದು 'ಮೂರು ಲಕ್ಷದ ಕುಕ್ಕರ್' ಅಂತ.

ಅಮ್ಮನದು ಸಣ್ಣ ಖಾನಾವಳಿ. ಕಾಲೇಜು ಹುಡುಗರು, ಗ್ಯಾರೇಜಿನವರು ಗಿರಾಕಿಗಳು. ಏಳು ದಿನ ಬಾಗಿಲು ಹಾಕಿದರೆ ಎಂಟನೇ ದಿನ ಗಿರಾಕಿ ಪಕ್ಕದ ಖಾನಾವಳಿಯಲ್ಲಿ ಕೂತಿರುತ್ತಾನೆ. ಹೀಗಾಗಿ ಒಂದು ವರ್ಷ ಹೋಗಲಿಲ್ಲ, ಇನ್ನೊಂದು ವರ್ಷ ಹೋಗಲಿಲ್ಲ. 2020, 2021 ಕೊರೋನಾ ನುಂಗಿತು. ಆದರೆ ವರ್ಷದ ನಿರ್ವಹಣಾ ಶುಲ್ಕ ಮಾತ್ರ ತಪ್ಪದೆ, ಪ್ರತಿ ಸಲ ಸ್ವಲ್ಪ ಉಬ್ಬಿಕೊಂಡು ಬರುತ್ತಿತ್ತು. ಅದು ಬಂದ ದಿನ ಮನೆಯಲ್ಲಿ ಮಾತಿಲ್ಲ. ಅಪ್ಪ ಹೊರಗೆ ಕಟ್ಟೆಯ ಮೇಲೆ, ಅಮ್ಮ ಒಳಗೆ ರೊಟ್ಟಿ ಬಡಿಯುವ ಸದ್ದು. ಆ ಸದ್ದು ಕೇಳಿದರೆ ಕೋಪ ಎಷ್ಟು ಡಿಗ್ರಿ ಅಂತ ನಾನು ಹೇಳಬಲ್ಲೆ.

ಕೊನೆಗೆ ಪಿಯುಸಿಗೆ ಕೈಮುಗಿದು ಬಂದ ಈ ನಿಮ್ಮ ಪತ್ರಕರ್ತ ಕಾಗದದ ಕಟ್ಟು ತೆಗೆದು ಕೂತ.

ಈ ಟೈಮ್‌ಶೇರ್ ಎಂಬುದು 1960ರ ದಶಕದಲ್ಲಿ ಯೂರೋಪಿನ ಆಲ್ಪ್ಸ್ ಕಡೆ ಹುಟ್ಟಿದ್ದು. ಒಂದೇ ಮನೆಯನ್ನು ವಾರ ವಾರ ಹಂಚಿ ಮಾರುವುದು. ಆದರೆ ಪ್ರತಿ ವರ್ಷ ಅದೇ ಬೆಟ್ಟ, ಅದೇ ಬಾಲ್ಕನಿ ನೋಡಿದರೆ ಯಾರಿಗೆ ಬೇಜಾರಾಗುವುದಿಲ್ಲ? ಅದಕ್ಕೇ 1974ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಊರಿನಲ್ಲಿ ಡಿಹಾನ್ ದಂಪತಿ ಆರ್‌ಸಿಐ ಎಂಬ ವಿನಿಮಯ ಕಂಪನಿ ಶುರು ಮಾಡಿದರು. 1976ರಲ್ಲಿ ಇಂಟರ್‌ವಲ್ ಎಂಬ ಇನ್ನೊಂದು ಬಂತು. ನಿಮ್ಮ ವಾರವನ್ನು ಅವರ ಹುಂಡಿಗೆ ಹಾಕಿ, ಬೇರೆಯವರು ಹಾಕಿದ ವಾರವನ್ನು ಎತ್ತಿಕೊಳ್ಳಿ, ಇಷ್ಟೇ ವ್ಯಾಪಾರ. ಎತ್ತಿಕೊಳ್ಳುವಾಗ ಶುಲ್ಕ. ನಮ್ಮ ದೇಶಕ್ಕೆ ಈ ಟೈಮ್‌ಶೇರ್ ಬಂದದ್ದು 1980ರ ದಶಕದ ನಡುವೆ.

ನಮ್ಮ ಸಿನಿಮಾ ಭಾಷೆಯಲ್ಲಿ ಹೇಳುತ್ತೇನೆ ಕೇಳಿ. ಕೆಂಪು ಸೀಸನ್ ಅಂದರೆ ಮೊದಲ ದಿನದ ಮೊದಲ ಆಟ, ಬಾಲ್ಕನಿ ಟಿಕೆಟ್. ಬಿಳಿ ಅಂದರೆ ಮೂರನೇ ವಾರದ ಮ್ಯಾಟ್ನಿ. ನೀಲಿ ಅಂದರೆ ಎತ್ತಂಗಡಿಗೆ ಮುಂಚಿನ ಗುರುವಾರ. ನಮ್ಮ ಕೈಯಲ್ಲಿದ್ದದ್ದು ಬಿಳಿ. ಮೂರನೇ ವಾರದ ಟಿಕೆಟ್ ಹಿಡಿದು ಹೊಸ ವರ್ಷದ ಗೋವಾ ಕೇಳಿದರೆ ಗೇಟ್‌ಕೀಪರ್ ನಗುತ್ತಾನೆ. ಸೆಪ್ಟೆಂಬರ್ ಕೊನೆ, ಮಳೆ ಹಿಂದೆ ಸರಿಯುವ ಹೊತ್ತು ಕೇಳಿ... ಸಿಗುತ್ತೆ.

ಇನ್ನು ಗಂಟು ಇರುವುದು ಇಲ್ಲಿ. ಹಳೇ ಪದ್ಧತಿಯಲ್ಲಿ ವಾರಕ್ಕೆ ವಾರ. ಮೂರು ರಾತ್ರಿ ಇದ್ದು ಬಂದರೆ ಉಳಿದ ನಾಲ್ಕು ಗೋವಿಂದ! ಆದರೆ ವಾರವನ್ನು ಪಾಯಿಂಟುಗಳಾಗಿ ಒಡೆದುಕೊಳ್ಳುವ ದಾರಿಯೂ ಇರುತ್ತದೆ. ಆಗ ರಾತ್ರಿಗೆ ಇಷ್ಟು ಅಂತ ಖರ್ಚು. ಶುಕ್ರವಾರ, ಶನಿವಾರ ದುಬಾರಿ. ವಾರದ ನಡುವೆ ಅಗ್ಗ. ಉಳಿದದ್ದು ಖಾತೆಯಲ್ಲಿ, ಒಂದು ಗಡುವಿನ ತನಕ. ಇದನ್ನು ಆ ಟೈ ಹುಡುಗರು ಅಪ್ಪನಿಗೆ ಹೇಳಿರಲಿಲ್ಲ. ಅಥವಾ ಹೇಳಿದ್ದರೋ ಏನೋ, ಆಗ ಟಿವಿಯಲ್ಲಿ ಅಲೆ ಬರುತ್ತಿತ್ತಲ್ಲ!

ಲೆಕ್ಕ ಹಾಕಿದೆ. ಈ ವರ್ಷದ ನಿರ್ವಹಣೆ ರೂ. 19,000. ವಿನಿಮಯಕ್ಕೆ ರೂ. 5,000. ಒಟ್ಟು 24,000. ಮೂರೇ ರಾತ್ರಿ ಇದ್ದು ಸುಮ್ಮನಾದರೆ ರಾತ್ರಿಗೆ 8,000 ಬಿತ್ತು! ಅದರ ಅರ್ಧ ದುಡ್ಡಿಗೆ ಆ ದಿನಗಳಲ್ಲಿ ಕಲಂಗುಟ್‌ನಲ್ಲಿ ಒಳ್ಳೆ ಲಾಡ್ಜೇ ಸಿಗುತ್ತಿತ್ತು. ಉಳಿದ ನಾಲ್ಕನ್ನೂ ಇನ್ನೊಂದು ವಿನಿಮಯ ಶುಲ್ಕ ಕೊಟ್ಟು ಬಳಸಿದರೆ ರಾತ್ರಿಗೆ 4,143ಕ್ಕೆ ಇಳಿಯುತ್ತದೆ. ಅದೇ ನಾಲ್ಕನ್ನು ಸ್ವಂತ ಬೆಟ್ಟದಲ್ಲೇ ಕಳೆದರೆ ಆ ಎರಡನೇ ಶುಲ್ಕವೂ ಇಲ್ಲ, 3,429. ಅಂದರೆ ಸಣ್ಣ ವಾಸ ಮಾಡುವವನು ಹೊರಡುವ ಮೊದಲೇ ಎರಡನೇ ಪ್ರಯಾಣದ ಬಗ್ಗೆ ಯೋಚಿಸಿರಬೇಕು. ಮೂರು ಲಕ್ಷದ ಮಾತು ನಾನು ಲೆಕ್ಕಕ್ಕೇ ತರಲಿಲ್ಲ. ಅದನ್ನು ತಂದರೆ ಅಪ್ಪ ಊಟ ಬಿಡುತ್ತಾನೆ.

ಭಾನುವಾರ ಸಂಜೆಯಿಂದ ಬುಧವಾರ ಬೆಳಗಿನ ತನಕ ಅಂತ ಬುಕ್ ಮಾಡಿದೆ. "ಮೂರ ದಿನ ಅಂದ್ರ ಬಂದ್ ಇಡಬಹುದು" ಅಂದಳು ಅಮ್ಮ. ಅಷ್ಟಕ್ಕೇ ಅಪ್ಪನ ಮುಖ ನೋಡಬೇಕಿತ್ತು ನೀವು! ಒಂದು ಮಾತು ನೆನಪಿಡಿ: ರೂಮು ಸದಸ್ಯನ ಹೆಸರಿನಲ್ಲೇ ಇರಲಿ. ಮನೆಯವರನ್ನೋ ಗೆಳೆಯರನ್ನೋ ಕಳಿಸುವುದಾದರೆ ಮೊದಲೇ ಬರಹದಲ್ಲಿ ಪಡೆಯಿರಿ. ಕರೆಂಟು, ಸ್ವಚ್ಛತೆ ಅಂತ ಅಲ್ಲಿ ಬೇರೆ ಏನಾದರೂ ಕೀಳುತ್ತಾರಾ ಕೇಳಿಕೊಳ್ಳಿ.

ರೂಮು ಚೆನ್ನಾಗಿತ್ತು. ಸಣ್ಣ ಅಡಿಗೆಮನೆ ನೋಡಿ ಅಮ್ಮ ಒಲೆ ಹಚ್ಚಲು ಹೋದಳು, ನಾನೇ ತಡೆದೆ. ಭಾನುವಾರ ರಾತ್ರಿ ಮಳೆ, ಹೊರಗೆ ಕಾಲಿಡಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಇನ್ನೇನು ಕಡಲಿಗೆ ಹೊರಡಬೇಕು, ಫೋನು! "ಸದಸ್ಯರ ಮಾಹಿತಿ ಸಭೆ ಸಾರ್, ಬರೀ ಒಂದು ತಾಸು."

ನನ್ನ ಎದೆ ಧಸಕ್ ಅಂತು. ಮತ್ತೆ ಅದೇ ಸೋಫಾ, ಅದೇ ಟೈ, ಅದೇ ಜ್ಯೂಸು. ಹುಡುಗ ಗದಗ ಕಡೆಯವನು, ನಮ್ಮ ಮಾತು ಕೇಳಿ ಅರಳಿಬಿಟ್ಟ. ಬಿಳಿಯಿಂದ ಕೆಂಪಿಗೆ ಏರಿಸಿಕೊಂಡರೆ ಡಿಸೆಂಬರಿನಲ್ಲೂ ಬರಬಹುದಂತೆ. ರೂ. 1,80,000, ಕಂತಿನಲ್ಲಿ. ಒಂದು ತಾಸು ಹೋಗಿ ಎರಡಾಯಿತು. ಅಮ್ಮ ಸೆರಗು ತಿರುವುತ್ತ ನನ್ನ ಮುಖ ನೋಡಿದಳು. ಅಪ್ಪನ ಕೈಗೆ ಪೆನ್ನು ಬಂತು!

ಅಪ್ಪ ಪೆನ್ನು ಹಿಡಿದುಕೊಂಡೇ ಕೇಳಿದ: "ತಮ್ಮಾ, ಸಮುದ್ರ ಇಲ್ಲಿಂದ ಎಷ್ಟ ದೂರ ಐತಿ?"

"ಐದಾರು ನೂರು ಮೀಟರ್ ಸಾರ್."

"ಹಂಗಾರ ನಾವು ಹೊಂಟ್ವಿ. ಹನ್ನೊಂದ ವರ್ಷ ಇಲ್ಲೆ ಬಂದು ಕುಂತಲ್ಲೇ ಕುಂತ ಹೋಗೇನಿ."

ಪೆನ್ನಿಗೆ ಟೋಪಿ ಹಾಕಿ ಮೇಜಿನ ಮೇಲಿಟ್ಟು ಎದ್ದ. ಆ ಹುಡುಗ ಬಾಗಿಲ ತನಕ ಬಂದ. "ಅಂಕಲ್, ತಿಂಗಳಿನ ಟಾರ್ಗೆಟ್ ಇನ್ನೂ ಒಂದೂ ಆಗಿಲ್ಲ" ಅಂತ ಮೆಲ್ಲಗೆ ಅಂದ. ಅಪ್ಪ ಅವನ ಭುಜ ತಟ್ಟಿ, ಊಟ ಆಯ್ತಾ ಅಂತ ಕೇಳಿದ. ಅಷ್ಟೇ.

ಕಡಲಿನಲ್ಲಿ ಕೆಂಪು ಬಾವುಟ ನೆಟ್ಟಿದ್ದರು, ಇಳಿಯುವಂತಿಲ್ಲ. ಅಮ್ಮ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಅಲೆ ಬಂದಾಗಲೆಲ್ಲ ಹುಡುಗಿಯ ಹಾಗೆ ಕೂಗಿದಳು. ಅಪ್ಪ ಚಪ್ಪಲಿ ಎರಡನ್ನೂ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ ಅಂದ:

"ಟೆಂಟಿನಾಗ ನೋಡಿದ್ದು ಕಪ್ಪು-ಬಿಳಿ ಇತ್ತು ನೋಡು. ನನ್ನ ತಲ್ಯಾಗ ಇಷ್ಟ ವರ್ಷ ಸಮುದ್ರಕ್ಕ ಬಣ್ಣಾನ ಇರಲಿಲ್ಲ."

ನಾನು ಫೋಟೋ ತೆಗೆಯಲು ಹೋದರೆ ಕೋಟಿಲ್ಲ, ಕಪ್ಪು ಕನ್ನಡಕ ಇಲ್ಲ ಅಂತ ನಾಚಿದ. ನನ್ನ ಕನ್ನಡಕ ಕೊಟ್ಟೆ. ಫೋಟೋ ಚೆನ್ನಾಗಿ ಬಂದಿದೆ. ಸಂಪಾದಕರು ಹಾಕುವುದಿಲ್ಲ, ಅದು ಬೇರೆ ಮಾತು!

ಮಂಗಳವಾರ ದೋನಾ ಪೌಲಾಕ್ಕೆ ಹೋದೆವು. 1981ರ 'ಏಕ್ ದೂಜೆ ಕೆ ಲಿಯೆ' ನೋಡಿ ಕಣ್ಣೀರಿಟ್ಟವರಲ್ಲಿ ಅಮ್ಮನೂ ಒಬ್ಬಳು. ಅಲ್ಲಿ ನಿಂತು ಕಮಲ ಹಾಸನ್‌ಗೆ ಈಗಲೂ ಬೈದಳು, ಹಾಗೆ ಸಾಯಬಾರದಿತ್ತು ಅಂತ.

ಬುಧವಾರ ವಾಪಸು. ಅನಮೋಡ ಘಾಟಿನ ತಿರುವಿನಲ್ಲಿ ಅಪ್ಪನ ಬಲಗಾಲು ತಾನೇ ಬ್ರೇಕು ಒತ್ತುತ್ತಿತ್ತು. ಒತ್ತುತ್ತಲೇ ಕೇಳಿದ:

"ಉಳದ ನಾಕ ರಾತ್ರಿ ಎಲ್ಲೀತನಾ ನಡೀತಾವು?"

"ಮುಂದಿನ ಜೂನ್ ತನಕ."

ಅಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಅಂದಳು: "ಯುಗಾದಿಗೆ ಹುಡುಗೂರು ಊರಿಗೆ ಹೋಗಿರತಾವು. ಎರಡ ದಿನ ಬಂದ್ ಮಾಡಬಹುದು."

"ಎರಡಲ್ಲ, ನಾಕು" ಅಂದ ಅಪ್ಪ. "ಊಟಿ ರೂಟು ನಾ ನೋಡೇ ಇಲ್ಲ."