ಹೃದಯದ ಮಿತವ್ಯಯ

ಬಿಂಡಿಗನವಿಲೆಯ ಬಾಲಕನೊಬ್ಬ ಉಸಿರು ಬಿಗಿಹಿಡಿದು ಕೆರೆಯಲ್ಲಿ ಮುಳುಗು ಹಾಕಿದನೆನ್ನಿ. ಅವನೆದೆ ಡವಗುಟ್ಟುತ್ತಿರಬೇಕೆಂದು ನೋಡುವವರ ಎಣಿಕೆ. ನಡೆಯುವುದು ಅದಕ್ಕೆ ವಿರುದ್ಧ. ಮುಖಕ್ಕೆ ತಣ್ಣೀರು ಸೋಕಿದೊಡನೆ ವೇಗಸ್ ನರವು ಹೃದಯಕ್ಕೆ ಕಡಿವಾಣ ಹಾಕುತ್ತದೆ. ಕೈಕಾಲುಗಳ ರಕ್ತನಾಳಗಳು ಸಂಕುಚಿಸಿ, ಇದ್ದ ಪ್ರಾಣವಾಯು ಮಿದುಳಿಗೂ ಹೃದಯಕ್ಕೂ ಮೀಸಲಾಗುತ್ತದೆ. ಪಳಗಿದ ಮುಳುಗುಗಾರರಲ್ಲಿ ಬಡಿತವು ಅರ್ಧಕ್ಕಿಂತಲೂ ಕೆಳಗಿಳಿಯುವುದುಂಟು.

ಹಾಗಾದರೆ ಅದು ನಿಂತೇಹೋದೀತೆ? ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದ ಕೃಷ್ಣಮಾಚಾರ್ಯರು ಹೃದಯವನ್ನೇ ನಿಲ್ಲಿಸಬಲ್ಲರೆಂದು ಹೆಸರಾಗಿದ್ದರು. ಅವರನ್ನೂ ಇತರ ಯೋಗಿಗಳನ್ನೂ ಕುರಿತು 1961ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಯಾರ ಹೃದಯವೂ ನಿಂತಿರಲಿಲ್ಲ. ಉಸಿರು ಬಿಗಿದಾಗ ಮಣಿಕಟ್ಟಿನ ನಾಡಿ ಅಡಗಿದರೂ ಒಳಗೆ ಬಡಿತ ಸಾಗಿತ್ತು.

ಹೃದಯವು ವೆಚ್ಚವನ್ನು ತಗ್ಗಿಸೀತು, ಕರ್ತವ್ಯವನ್ನು ಬಿಡದು. ಆದರೆ ಉಳಿತಾಯಕ್ಕೂ ಮಿತಿಯುಂಟು. ಮುಳುಗುವ ಮುನ್ನ ಮೇಲಿಂದ ಮೇಲೆ ಉಸಿರೆಳೆದವನಿಗೆ ಉಸಿರಿನ ಹಂಬಲ ಹುಟ್ಟುವ ಮೊದಲೇ ಮೂರ್ಛೆ ಬಂದೀತು. ಅಂಥ ಪಂದ್ಯಕ್ಕೆ ಮಕ್ಕಳನ್ನು ಒಂಟಿಯಾಗಿ ಬಿಡಲಾಗದು.